ಕೂತು ಕೇಳೋದನ್ನ ಕಲಿಸಿದ ಕ್ಯಾಂಪಸ್: ನಿಮ್ಹಾನ್ಸ್ ತರಬೇತಿಯ ಹಿನ್ನೆಲೆ

ಬೆಂಗಳೂರಲ್ಲಿ ಯಾರಾದ್ರೂ ಸ್ವಲ್ಪ ವಿಚಿತ್ರವಾಗಿ ಆಡಿದ್ರೆ ಸಾಕು, "ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ರೋ" ಅಂತ ನಗ್ತಾರೆ. ನಂಗೆ ಆ ಮಾತು ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಮನಸ್ಸು ನೊಂದವರ ಎದುರು ಕೂತು ಹೇಗೆ ಕೇಳ್ಬೇಕು, ಏನು ಕೇಳ್ಬೇಕು, ಯಾವಾಗ ಸುಮ್ನಿರ್ಬೇಕು ಅನ್ನೋದನ್ನ ಒಂದು ಕೋರ್ಸ್ ಮಾಡಿ ಈ ದೇಶದಲ್ಲಿ ಮೊದಮೊದಲು ಕಲಿಸಿದ ಜಾಗಗಳಲ್ಲಿ ಒಂದು ಅದೇ ಹೊಸೂರು ರೋಡಿನ ಕ್ಯಾಂಪಸ್ಸು.

ಈ ಸಂಸ್ಥೆಯ ಮೂಲ ಬರೀ ಕೂಡಿಹಾಕೋ ಜಾಗ. 19ನೇ ಶತಮಾನದಲ್ಲಿ ಬ್ರಿಟಿಷರ ಕಾಲದ ಲುನಾಟಿಕ್ ಅಸೈಲಂ, ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರು ತೆಗೆದು ಮೆಂಟಲ್ ಹಾಸ್ಪಿಟಲ್ ಅಂತ ಮಾಡ್ತು. ಹೆಸರು ತಾನೇ ಅನ್ನಬೇಡಿ, ಅಲ್ಲಿರೋರು ಕಾಯಿಲೆಯವರು, ಅವರಿಗೆ ಚಿಕಿತ್ಸೆ ಕೊಡ್ಬೇಕು ಅಂತ ಸರ್ಕಾರ ಒಪ್ಪಿಕೊಂಡಿದ್ದು ಅದು.

ಅದಕ್ಕೆ ಒಂದು ವರ್ಷ ಮೊದ್ಲು, 1924ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿತ್ತು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಹೌದು, 1935ರಲ್ಲಿ ಮನೆಯಲ್ಲೇ ರೇಡಿಯೋ ಸ್ಟೇಷನ್ ಇಟ್ಟು ಅದಕ್ಕೆ ಆಕಾಶವಾಣಿ ಅಂತ ಕರೆದರಲ್ಲ, ಅವರೇ. ರೇಡಿಯೋ ಕಥೆ ಎಲ್ರಿಗೂ ಗೊತ್ತು, ಮನಃಶಾಸ್ತ್ರದ ಮೇಷ್ಟ್ರು ಅನ್ನೋದನ್ನ ಮಾತ್ರ ನಾವು ಮರೆತೇಬಿಟ್ವಿ.

ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆ ಪರಿಶೀಲಿಸಿದ ಭೋರ್ ಸಮಿತಿಯ ವರದಿ ಬಂತು, ದೇಶದಲ್ಲಿ ಮಾನಸಿಕ ಕಾಯಿಲೆ ನೋಡೋಕೆ ತರಬೇತಿ ಆದವರು ತೀರಾ ಕಮ್ಮಿ, ಅವರನ್ನ ತಯಾರು ಮಾಡೋಕೆ ಒಂದು ಸಂಸ್ಥೆ ಬೇಕು ಅಂತ. ಅದರ ಫಲವಾಗಿ 1954ರಲ್ಲಿ ಬೆಂಗಳೂರಿನ ಈ ಆಸ್ಪತ್ರೆಗೆ ಅಂಟಿಕೊಂಡ ಹಾಗೆ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಬಂತು, ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. 1955ರಲ್ಲಿ ಎರಡು ಡಿಪ್ಲೊಮಾ ಶುರುವಾದ್ವು. ಒಂದು ಡಾಕ್ಟರುಗಳಿಗೆ. ಇನ್ನೊಂದು ಮನಃಶಾಸ್ತ್ರ ಓದಿದವರಿಗೆ, ಅಂದ್ರೆ ಡಾಕ್ಟರಲ್ಲದವರಿಗೆ. ನನ್ನ ಪ್ರಕಾರ ಈ ಎರಡನೇದೇ ದೊಡ್ಡದು, ಮಾತ್ರೆ ಬರೆಯೋ ಅಧಿಕಾರ ಇಲ್ಲದ ಒಬ್ಬ ಮನುಷ್ಯ ಬರೀ ಮಾತು, ಪರೀಕ್ಷೆ, ತಾಳ್ಮೆ ಇಟ್ಕೊಂಡು ವಾರ್ಡೊಳಗೆ ಕೂತು ಕೆಲಸ ಮಾಡಬಹುದು ಅಂತ ಒಂದು ಸರ್ಕಾರಿ ಸಂಸ್ಥೆ ಒಪ್ಪಿತು. ಇಲ್ಲಿ ಪಾಠ ಹೇಳಿದವರಲ್ಲಿ ಸಾ.ಕೃ. ರಾಮಚಂದ್ರರಾಯರೂ ಇದ್ರು, ಶಿಲ್ಪ, ಆಗಮ, ಬೌದ್ಧಧರ್ಮ ಅಂತ ನಾವು ಓದೋದು ಅದೇ ರಾಯರನ್ನ.

ಆದ್ರೆ ಪಾಠ ನಡೆದಿದ್ದೆಲ್ಲ ಇಂಗ್ಲಿಷಲ್ಲಿ, ಥಿಯರಿ ಬಂದಿದ್ದು ವಿಯೆನ್ನಾ, ಲಂಡನ್, ಅಮೆರಿಕದಿಂದ. ಎದುರಿಗೆ ಬಂದು ಕೂರೋ ಹೆಂಗಸು ಮಾತ್ರ "ಎದೆ ಡವಡವ ಅನ್ನುತ್ತೆ ಸಾಮಿ, ತಲೆಯೆಲ್ಲ ಭಾರ, ಮೈಯಲ್ಲಿ ಕಸುವೇ ಇಲ್ಲ" ಅಂತಾಳೆ, ಖಿನ್ನತೆ ಅನ್ನೋ ಪದ ಅವಳ ಬಾಯಲ್ಲಿ ಬರೋದೇ ಇಲ್ಲ. ಪಕ್ಕದಲ್ಲಿ ಅವ್ವನೋ ಗಂಡನೋ ಇದ್ದೇ ಇರ್ತಾರೆ, ಒಬ್ಬಳನ್ನೇ ರೂಮಲ್ಲಿ ಕೂರಿಸಿ ಮಾತಾಡಿಸೋ ಪದ್ಧತಿ ಇಲ್ಲಿಗೆ ಪೂರ್ತಿ ಹೊಂದೋದೇ ಇಲ್ಲ. ಮನೆಯವರನ್ನೂ ರೋಗಿ ಜೊತೆಗೇ ಉಳಿಸ್ಕೊಂಡು ಇಡೀ ಕುಟುಂಬಕ್ಕೆ ಥೆರಪಿ ಮಾಡೋ ವ್ಯವಸ್ಥೆ ಇಲ್ಲಿ ಬೆಳೀತಲ್ಲ, ಅದು ನಂಗೆ ಪುಸ್ತಕಕ್ಕಿಂತ ಇಲ್ಲಿನ ಜನ ಕಲಿಸಿದ ಪಾಠ ಅನ್ಸುತ್ತೆ.

1974ರ ಡಿಸೆಂಬರ್ 27ರಂದು ಆಸ್ಪತ್ರೆ, ಇನ್‌ಸ್ಟಿಟ್ಯೂಟ್ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಆಮೇಲೆ ತರಬೇತಿ ಗೇಟು ದಾಟಿ ಹೊರಗೂ ಬಂತು. ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿ ಆಸ್ಪತ್ರೆಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸೋದು ಶುರುವಾಯ್ತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿ ನೋಡಿದ್ರು, 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಮಾದರಿ ಅಂತ ಹಿಡಿದಿದ್ದು ಬಳ್ಳಾರಿಯನ್ನ.

ಇನ್ನು ಕೌನ್ಸೆಲಿಂಗ್ ವಿಷಯ. ಕನ್ನಡದಲ್ಲಿ ಇದಕ್ಕೆ ಆಪ್ತ ಸಮಾಲೋಚನೆ ಅಂತೀವಿ, ಎಷ್ಟೋ ಜನ ಈ ಪದ ಮೊದ್ಲು ಓದಿದ್ದು ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರದ ಬೋರ್ಡಲ್ಲಿ. ಇಂಗ್ಲಿಷ್ ಪದದಲ್ಲಿ ಇಲ್ಲದ "ಆಪ್ತ" ಅನ್ನೋದನ್ನ ಸೇರಿಸಿದವರು ಯಾರೋ, ಅವರಿಗೆ ಕೈ ಮುಗೀಬೇಕು. ಆದ್ರೆ ಯಾರು ಆಪ್ತ ಸಮಾಲೋಚಕ? ಕ್ಲಿನಿಕಲ್ ಸೈಕಾಲಜಿಸ್ಟ್, ಅಂದ್ರೆ ಆ ಎರಡನೇ ಡಿಪ್ಲೊಮಾ ಥರದ ತರಬೇತಿ ಆದವರು, ಆದ್ರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಬೇಕು, ಅದಕ್ಕೆ 1992ರ ಕಾಯ್ದೆ ಇದೆ. ಕೌನ್ಸೆಲರ್‌ಗಳ ಬಗ್ಗೆ ಮಾತು ಬಂದಿದ್ದು ಡಾಕ್ಟರ್, ನರ್ಸ್ ಬಿಟ್ಟು ಉಳಿದ ಆರೋಗ್ಯ ವೃತ್ತಿಯವರಿಗೆ ಅಂತ ಬಂದ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ. ಅಲ್ಲೀವರೆಗೆ, ಎರಡು ವರ್ಷ ವಾರ್ಡಲ್ಲಿ ಬೆವರು ಸುರಿಸಿದವರೂ ವೀಕೆಂಡ್ ಸರ್ಟಿಫಿಕೇಟ್ ತಗೊಂಡವರೂ ಒಂದೇ ಥರ ಬೋರ್ಡ್ ಹಾಕ್ಕೊಂಡ್ರು, ನೊಂದು ಬಂದವರಿಗೆ ವ್ಯತ್ಯಾಸ ಹೇಗೆ ಗೊತ್ತಾಗ್ಬೇಕು ಹೇಳಿ?

ನಿಮ್ಹಾನ್ಸೇ ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಕಾಯಿಲೆ ಯಾವುದು ಅನ್ನೋದರ ಮೇಲೆ, ಮಾನಸಿಕ ಸಮಸ್ಯೆ ಇರೋರಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆನೇ ಸಿಕ್ತಿಲ್ಲ. ಮನಃಶಾಸ್ತ್ರ ಓದಿದವರ ಆ ಡಿಪ್ಲೊಮಾ ಮುಂದೆ ಎಂ.ಫಿಲ್ ಆಯ್ತು, ಈಗ ಹೊಸ ಶಿಕ್ಷಣ ನೀತಿ ಎಂ.ಫಿಲ್ ಅನ್ನೋದನ್ನೇ ತೆಗೆದು ಹಾಕಿರೋದ್ರಿಂದ ಈ ಕೋರ್ಸನ್ನ 2025-26ರವರೆಗೆ ಅಂತ ವಿಶೇಷವಾಗಿ ಮುಂದುವರಿಸಬೇಕಾಯ್ತು. ಇನ್ನೊಂದು ಕಡೆ 2022ರ ಅಕ್ಟೋಬರ್ 10ರಂದು ಫೋನಲ್ಲೇ ಮಾನಸಿಕ ಆರೋಗ್ಯದ ನೆರವು ಕೊಡೋ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಶುರುವಾಗಿದೆ, ಅದಕ್ಕೂ ಮುಖ್ಯ ಕೇಂದ್ರ ನಿಮ್ಹಾನ್ಸೇ. ನಂಬರ್ 14416, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.