ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹೊತ್ತು ಎಷ್ಟು?

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ವಿರಾಜಪೇಟೆ ಕಡೆಯವರು ಗಲ್ಫ್‌ಗೆ ಹೋಗುವುದಾದರೆ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗುತ್ತಾರೆ. ಎರಡು ಊರುಗಳ ನಡುವಿನ ವಿಮಾನದ ದೂರ, ಹೊತ್ತು ಲೆಕ್ಕ ಹಾಕಿ ನೋಡಲು ಅದಕ್ಕಿಂತ ದೂರದ ಜೋಡಿ ಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ಹಾರಾಟ ಶುರು ಮಾಡಿದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಇರಲಿ.

ಕಿತ್ತಳೆ ಹಣ್ಣಿನ ಮೇಲೆ ಎರಡು ಚುಕ್ಕಿ ಇಟ್ಟು ದಾರ ಬಿಗಿದು ಎಳೆಯಿರಿ. ದಾರ ಹೋದದ್ದೇ ಮಹಾವೃತ್ತದ ದಾರಿ, ಅಂದರೆ ಗೋಳದ ಮೇಲೆ ಅತಿ ಹತ್ತಿರದ ದಾರಿ. ಭೂಮಿಯ ಕೇಂದ್ರದಲ್ಲಿ ಆ ಎರಡು ಊರುಗಳ ನಡುವಿನ ಕೋನ ಸಿಕ್ಕರೆ ಸಾಕು, ಡಿಗ್ರಿಗೆ 111.2 ಕಿ.ಮೀ.

ಕಾಸ್ (ಕೋನ) = ಸೈನ್ ಅ1 × ಸೈನ್ ಅ2 + ಕಾಸ್ ಅ1 × ಕಾಸ್ ಅ2 × ಕಾಸ್ (ರೇಖಾಂಶಗಳ ವ್ಯತ್ಯಾಸ)

ಅ1, ಅ2 ಅಂದರೆ ಅಕ್ಷಾಂಶಗಳು. ದೇವನಹಳ್ಳಿ 13.2 ಉತ್ತರ, 77.7 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.6 ಉತ್ತರ, 122.4 ಪಶ್ಚಿಮ.

ಎಡವುವ ಜಾಗ ಈ ‘ಪಶ್ಚಿಮ’. ಪೂರ್ವ ಪ್ಲಸ್ ಆದರೆ ಪಶ್ಚಿಮ ಮೈನಸ್. ಹಾಗಾಗಿ ವ್ಯತ್ಯಾಸ 77.7 − (−122.4), ಅಂದರೆ 200.1. ಕಳೆಯಬೇಕಾದದ್ದು ಕೂಡಿಕೆಯಾಯಿತಲ್ಲ ಎಂದು ಗಾಬರಿ ಬೇಡ. ಎರಡು ಊರು ಗ್ರೀನಿಚ್‌ನ ಆಚೀಚೆ ಇವೆ, ಕೂಡಲೇಬೇಕು. ಮೈನಸ್ ಮರೆತು 44.7 ಹಾಕಿದರೆ 5,180 ಕಿ.ಮೀ. ಹತ್ತಿರ ಬರುತ್ತದೆ. ಉತ್ತರ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ವಿಮಾನ ಇಳಿಯುವುದು ಚೀನಾದ ಶಾಂಡೊಂಗ್ ತುದಿಯ ಪಕ್ಕದ ಸಮುದ್ರದಲ್ಲಿ! 200 ಡಿಗ್ರಿ 180 ದಾಟಿತು, 360ರಿಂದ ಕಳೆಯಬೇಕೇ? ಬೇಡ. ಕಾಸ್ 200.1, ಕಾಸ್ 159.9 ಎರಡೂ ಒಂದೇ, −0.939. ನನಗೆ ಈ ಸೂತ್ರ ಇಷ್ಟವಾದದ್ದೇ ಇದಕ್ಕೆ: ಚಿಹ್ನೆ ಸರಿ ಹಾಕಿದರೆ ಮಿಕ್ಕದ್ದನ್ನು ಕಾಸ್ ನೋಡಿಕೊಳ್ಳುತ್ತದೆ.

ಮೊತ್ತ −0.585. ಋಣ ಬಂದರೆ ಕೋನ 90ಕ್ಕಿಂತ ದೊಡ್ಡದು, ಅಷ್ಟೇ. ಕೋನ 125.8, ದೂರ ಸುಮಾರು 13,990 ಕಿ.ಮೀ. (ಮೊತ್ತದಿಂದ ಕೋನ ಪಡೆಯಲು ಕ್ಯಾಲ್ಕುಲೇಟರ್‌ನಲ್ಲಿ cos⁻¹ ಒತ್ತಿ, ಅದು ಡಿಗ್ರಿಯಲ್ಲಿರಲಿ.) ಈ ದಾರಿ ಚೀನಾ, ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ಉತ್ತರದವರೆಗೆ ಏರುತ್ತದೆ. ಗೋಡೆಯ ನಕ್ಷೆಯಲ್ಲಿ ಇದು ಹೊಳೆಯುವುದೇ ಇಲ್ಲ.

ಹೊತ್ತು: ಗಂಟೆಗೆ 900 ಕಿ.ಮೀ. ಹಿಡಿದರೆ ಹದಿನೈದೂವರೆ, ಏರಲು, ಇಳಿಯಲು ಅರ್ಧ ಸೇರಿಸಿ 16 ಗಂಟೆ. ಪೂರ್ವಕ್ಕೆ ಹಾರುವಾಗ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ) ಹಿಂದಿನಿಂದ ನೂಕುತ್ತದೆ, ಪಶ್ಚಿಮಕ್ಕೆ ಹಾರುವಾಗ ಎದುರಾಗುತ್ತದೆ. ಹೋಗುವ ಹೊತ್ತು, ಬರುವ ಹೊತ್ತು ಒಂದೇ ಆಗದಿರುವುದು ಇದಕ್ಕೇ.

ಗಡಿಯಾರ ಬೇರೆ ಲೆಕ್ಕ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದ ಮಧ್ಯಾಹ್ನ 2ಕ್ಕೆ ಹೊರಟರೆ ಅಲ್ಲಿ ಅದೇ ದಿನ ಸಂಜೆ 4.30.

ಇದೇ ಸೂತ್ರವನ್ನು ಮಡಿಕೇರಿ–ದೇವನಹಳ್ಳಿಗೆ ಹಚ್ಚಿದರೆ 230 ಕಿ.ಮೀ. ಬರುತ್ತದೆ, ರಸ್ತೆಯಲ್ಲಿ ಸುಮಾರು 300. ಏಳು ಗಂಟೆ ದಾರಿಗೆ, ಮೂರು ಗಂಟೆ ನಿಲ್ದಾಣಕ್ಕೆ ಅಂತ ಇಟ್ಟುಕೊಂಡರೆ ಆ ಮಧ್ಯಾಹ್ನ 2ರ ವಿಮಾನಕ್ಕೆ ಬೆಳಗಿನ ಜಾವ 4ಕ್ಕೇ ಮನೆ ಬಿಡಬೇಕು.