ಓದುಗರ ಪ್ರಶ್ನೆ: ಚಳಿಯ ಜರ್ಮನಿಯಲ್ಲಿ ದ್ರಾಕ್ಷಿ ಹೇಗೆ ಹಣ್ಣಾಗುತ್ತದೆ?

ಪ್ರಶ್ನೆ: ದ್ರಾಕ್ಷಿ ಅಂದರೆ ನಮಗೆ ವಿಜಯಪುರದ ಬಿಸಿಲು ನೆನಪಾಗುತ್ತದೆ. ಜರ್ಮನಿಯಲ್ಲೋ ಹಿಮ ಬೀಳುತ್ತದೆ. ಅಲ್ಲಿ ವೈನ್ ದ್ರಾಕ್ಷಿ ಹೇಗೆ ಬೆಳೆಯುತ್ತಾರೆ? ಅದೂ ನಿಲ್ಲೋಕೂ ಆಗದಂಥ ಗುಡ್ಡದ ಮೇಲೆ ಯಾಕೆ? ಕೆಳಗೆ ಸಮತಟ್ಟು ಜಾಗ ಇಲ್ವಾ?

ಉತ್ತರ: ಜಾಗ ಇದೆ. ಆದರೆ ಅಲ್ಲಿನ ಹೆಸರಾಂತ ತಳಿ ರೀಸ್ಲಿಂಗ್ ಸಮತಟ್ಟು ನೆಲದಲ್ಲಿ ಸರಿಯಾಗಿ ಹಣ್ಣಾಗುತ್ತಿರಲಿಲ್ಲ. ಮೋಸೆಲ್ ನದಿಯ ಕಣಿವೆಯನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ.

ಈ ನದಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಹುಟ್ಟುತ್ತದೆ. ಲಕ್ಸೆಂಬರ್ಗಿನ ಗಡಿಯಲ್ಲಿ ಹರಿದು ಜರ್ಮನಿಗೆ ಬಂದು, ಕೊಬ್ಲೆಂಟ್ಸ್ ಊರಿನಲ್ಲಿ ರೈನ್ ನದಿಯನ್ನು ಸೇರುತ್ತದೆ. ದಡದ ಮೇಲಿನ ಟ್ರಿಯರ್ ಊರಿನಿಂದ ಕೊಬ್ಲೆಂಟ್ಸ್‌ಗೆ ನೇರವಾಗಿ ಅಳೆದರೆ ಸುಮಾರು 100 ಕಿಲೋಮೀಟರ್. ನದಿಯ ದಾರಿ ಹಿಡಿದರೆ ಸುಮಾರು 190. ಅಷ್ಟು ತಿರುವುಗಳು. ಪ್ರತಿ ತಿರುವಿಗೂ ದಕ್ಷಿಣಕ್ಕೆ ಮುಖ ಮಾಡಿದ ದಡ ಬದಲಾಗುತ್ತದೆ, ದ್ರಾಕ್ಷಿಯೂ ಅದರ ಜೊತೆ ದಡ ಬದಲಿಸುತ್ತದೆ. ಬಿಸಿಲು ಕಡಿಮೆ ಬೀಳುವ ಎದುರು ದಡದಲ್ಲಿ ಎಷ್ಟೋ ಕಡೆ ಬರೀ ಕಾಡು.

ಈಗ ಸ್ವಲ್ಪ ಲೆಕ್ಕ. ಮೋಸೆಲ್ ಕಣಿವೆ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ಯಾವತ್ತೂ ನೆತ್ತಿಯ ಮೇಲೆ ಬರುವುದಿಲ್ಲ. ಸೆಪ್ಟೆಂಬರ್ ಕೊನೆಗೆ, ಅಂದರೆ ಹಣ್ಣು ಮಾಗುವ ಹೊತ್ತಿಗೆ, ಮಧ್ಯಾಹ್ನದಲ್ಲೂ ಸೂರ್ಯ 40 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಬಿಸಿಲು ಓರೆಯಾಗಿ ಬೀಳುತ್ತದೆ, ನೆಲದ ಮೇಲೆ ತೆಳುವಾಗಿ ಹರಡಿ ಹೋಗುತ್ತದೆ. ನೆಲವನ್ನೇ ದಕ್ಷಿಣಕ್ಕೆ 35 ಡಿಗ್ರಿ ಓರೆ ಮಾಡಿದರೆ? ಅಕ್ಷಾಂಶದ ಐವತ್ತರಲ್ಲಿ ಮೂವತ್ತೈದು ಕಳೆದರೆ ಹದಿನೈದು. ಅಂದರೆ ಮಧ್ಯಾಹ್ನದ ಬಿಸಿಲು ಆ ಗುಡ್ಡಕ್ಕೆ ತಾಗುವ ಕೋನವೂ, 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ನಮ್ಮ ಧಾರವಾಡದ ಬಯಲಿಗೆ ತಾಗುವ ಕೋನವೂ ಹೆಚ್ಚುಕಮ್ಮಿ ಒಂದೇ! ಗಾಳಿ ಧಾರವಾಡದಷ್ಟು ಬೆಚ್ಚಗಿರುವುದಿಲ್ಲ, ಬಿಸಿಲಿಗೂ ಆ ಖಾರ ಇಲ್ಲ, ಅದು ಬೇರೆ ಮಾತು. ಆದರೂ ಚಳಿನಾಡಿನಲ್ಲಿ ಹುಳಿ ದ್ರಾಕ್ಷಿ ಸಿಹಿಯಾಗಲು ಇದು ದೊಡ್ಡ ಸಹಾಯ.

ಉಳಿದದ್ದನ್ನು ಕಲ್ಲು ನೋಡಿಕೊಳ್ಳುತ್ತದೆ. ಗುಡ್ಡದ ತುಂಬ ಸ್ಲೇಟು ಕಲ್ಲಿನ ಚಕ್ಕೆಗಳು. ಹಿಂದೆ ಶಾಲೆಯಲ್ಲಿ ಬಳಪ ಹಿಡಿದು ಬರೆಯುತ್ತಿದ್ದೆವಲ್ಲ, ಅದೇ ಜಾತಿಯ ಕಲ್ಲು. ಸುಮಾರು 40 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಒತ್ತಡಕ್ಕೆ ಸಿಕ್ಕಿ ಹೀಗಾಗಿದೆ. ಹಗಲೆಲ್ಲ ಕಾದ ಕಲ್ಲು, ಬೇಸಿಗೆಯಲ್ಲಿ ನಮ್ಮ ಮನೆ ತಾರಸಿಯ ಹಾಗೆ, ರಾತ್ರಿ ಬಿಸಿ ಬಿಡುತ್ತದೆ. ಮಳೆ ನೀರು ನಿಲ್ಲುವುದಿಲ್ಲ, ಬೇರು ಬಿರುಕು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಸ್ಲೇಟಿನಿಂದ ಇನ್ನೊಂದು ಲಾಭವಿದೆ. ಯುರೋಪಿನ ತೋಟಗಳನ್ನು ಹಾಳುಮಾಡಿದ ಫಿಲೊಕ್ಸೆರಾ ಎಂಬ ಬೇರಿನ ಕೀಟಕ್ಕೆ ಇಲ್ಲಿ ಬೆಳೆಯುವುದು ಕಷ್ಟ. ಹಾಗಾಗಿ ಕೀಟ ತಡೆಯುವ ಬೇರೆ ಬೇರಿಗೆ ಕಸಿ ಮಾಡದ, ಸ್ವಂತ ಬೇರಿನ ಹಳೆಯ ಬಳ್ಳಿಗಳು ಇಲ್ಲಿ ಇನ್ನೂ ಉಳಿದಿವೆ.

ಇಷ್ಟೆಲ್ಲಕ್ಕೆ ಬೆಲೆ ತೆರುವವರು ಕೂಲಿಯವರು. ಬ್ರೆಮ್ ಎಂಬ ಹಳ್ಳಿಯ ಕಾಲ್ಮಾಂಟ್ ಗುಡ್ಡ ಕೆಲವು ಕಡೆ 65 ಡಿಗ್ರಿವರೆಗೆ ಕಡಿದಾಗಿದೆ. ಟ್ರ್ಯಾಕ್ಟರ್ ಮಾತೇ ಇಲ್ಲ. ಇಂಥ ಕಡೆ ನಮ್ಮಲ್ಲಿನ ಹಾಗೆ ಚಪ್ಪರ ಹಾಕುವುದಿಲ್ಲ. ಬಳ್ಳಿಗೊಂದು ಗೂಟ ನೆಟ್ಟು, ಎರಡು ಕೊಂಬೆಗಳನ್ನು ಬಗ್ಗಿಸಿ ಕಟ್ಟುವುದು ಹಳೆಯ ಪದ್ಧತಿ. ತಂತಿ ಅಡ್ಡ ಬರುವುದಿಲ್ಲ, ಹಾಗಾಗಿ ಕೆಲಸದವರು ಗುಡ್ಡ ಹತ್ತಿ ಇಳಿಯುವ ಬದಲು ಅಡ್ಡಕ್ಕೆ ನಡೆದುಕೊಂಡು ಹೋಗಬಹುದು. ಕೊಂಬೆ ಸವರುವುದು, ಕಟ್ಟುವುದು, ಕೊಯ್ಯುವುದು, ಎಲ್ಲ ಕೈಯಲ್ಲೇ.

ಇಲ್ಲಿ ದ್ರಾಕ್ಷಿ ಬೆಳೆಯುವುದನ್ನು ಶುರು ಮಾಡಿದ್ದು ರೋಮನ್ನರು. ಟ್ರಿಯರ್ ಅವರು ಕಟ್ಟಿದ ಊರು. ರಾಜಕುಮಾರನಿಗೆ ಪಾಠ ಹೇಳಲು ಅಲ್ಲಿಗೆ ಬಂದಿದ್ದ ಕವಿ ಔಸೋನಿಯಸ್, ಕ್ರಿ.ಶ. 371ರ ಸುಮಾರಿಗೆ ಈ ನದಿಯ ಮೇಲೊಂದು ಉದ್ದ ಕವಿತೆ ಬರೆದ. ದಡದ ಗುಡ್ಡಗಳ ದ್ರಾಕ್ಷಿ ತೋಟ ಅದರಲ್ಲಿದೆ. ಪೀಸ್‌ಪೋರ್ಟ್ ಹಳ್ಳಿಯಲ್ಲಿ ಆ ಕಾಲದ ದ್ರಾಕ್ಷಿ ಹಿಂಡುವ ತೊಟ್ಟಿಗಳೂ ಸಿಕ್ಕಿವೆ.

ಆದರೆ ರೋಮನ್ನರ ಕಾಲದಿಂದ ಇಲ್ಲಿ ರೀಸ್ಲಿಂಗ್ ಇತ್ತು ಅಂದುಕೊಳ್ಳಬೇಡಿ. ಅದು ದಾಖಲೆಗೆ ಸಿಗುವುದು 15ನೇ ಶತಮಾನದಲ್ಲಿ. 1787ರಲ್ಲಿ ಟ್ರಿಯರ್‌ನ ದೊರೆಯೂ ಆರ್ಚ್‌ಬಿಷಪ್ಪನೂ ಆಗಿದ್ದ ಕ್ಲೆಮೆನ್ಸ್ ವೆಂಜೆಸ್ಲಾಸ್, ಕಳಪೆ ಬಳ್ಳಿ ಕಿತ್ತು ಒಳ್ಳೆಯದನ್ನು ನೆಡಿ ಎಂದು ಆಜ್ಞೆ ಹೊರಡಿಸಿದ. ಆಮೇಲೆ ರೀಸ್ಲಿಂಗ್ ಹಬ್ಬಿತು. ನೆಪೋಲಿಯನ್ ಕಾಲದಲ್ಲಿ ಮಠಗಳ ತೋಟಗಳು ಹರಾಜಾಗಿ ಸಾಮಾನ್ಯ ಕುಟುಂಬಗಳ ಕೈಗೂ ಬಂದವು. 1868ರಲ್ಲಿ, ಆಗ ಇಲ್ಲಿ ಆಳುತ್ತಿದ್ದ ಪ್ರಶ್ಯ ರಾಜ್ಯದ ಸರ್ಕಾರದ ಕಡೆಯಿಂದ ಒಂದು ನಕ್ಷೆ ಬಂತು. ಯಾವ ತೋಟಕ್ಕೆ ಎಷ್ಟು ತೆರಿಗೆ ಎಂಬ ಲೆಕ್ಕದ ಮೇಲೆ ತೋಟಗಳಿಗೆ ಬಣ್ಣ ಹಾಕಿದ ನಕ್ಷೆ. ತೆರಿಗೆ ಹಾಕುವವರು ಸುಮ್ನೆ ಹೊಗಳಲ್ಲ ಅಲ್ವಾ? ಅದಕ್ಕೇ ಅದನ್ನು ಇವತ್ತಿಗೂ ತೆಗೆದು ನೋಡುತ್ತಾರೆ. ಅದರಲ್ಲಿ ಗಾಢ ಬಣ್ಣ, ಅಂದರೆ ಹೆಚ್ಚು ತೆರಿಗೆ, ಇರುವುದು ಬಹುಪಾಲು ದಕ್ಷಿಣದ ಬಿಸಿಲು ಬೀಳುವ ಕಡಿದಾದ ಗುಡ್ಡಗಳಿಗೆ.

1971ರ ವೈನ್ ಕಾನೂನು ಈ ವ್ಯತ್ಯಾಸವನ್ನೇ ಮಸುಕು ಮಾಡಿತು ಅನ್ನುವುದು ನನ್ನ ಅಭಿಪ್ರಾಯ. ಗುಣಮಟ್ಟವನ್ನು ಹಣ್ಣಿನ ರಸದ ಸಕ್ಕರೆಯಿಂದ ಅಳೆದರು. ಹೆಸರಾಂತ ಹಳ್ಳಿಯ ಹೆಸರನ್ನು ಸುತ್ತಲಿನ ಸಾಧಾರಣ ತೋಟಗಳಿಗೂ ಹಂಚಿದರು. ಪೀಸ್‌ಪೋರ್ಟರ್ ಮಿಷೆಲ್ಸ್‌ಬರ್ಗ್ ಎಂಬ ಅಗ್ಗದ ಬಾಟಲಿ ಅಂಗಡಿಗಳಲ್ಲಿ ತುಂಬಿದ್ದು ಹೀಗೆ.

ಈಗ ಹವಾಮಾನ ಬೇರೆ ಬದಲಾಗುತ್ತಿದೆ. ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣಿನಿಂದ ಮಾಡುವ ಐಸ್ ವೈನ್‌ಗೆ ಮೈನಸ್ 7 ಡಿಗ್ರಿ ಚಳಿ ಬೇಕು. 2019ರ ಬೆಳೆಗೆ ಜರ್ಮನಿಯ 13 ವೈನ್ ಪ್ರದೇಶಗಳಲ್ಲಿ ಎಲ್ಲೂ ಅದು ಸಿಗಲಿಲ್ಲ. ಹಣ್ಣಾಗದೆ ಉಳಿಯುವ ಭಯ ಹೋಗಿ, ಕಡಿದಾದ ಗುಡ್ಡಗಳಲ್ಲಿ ಬಿಸಿಲಿಗೆ ಹಣ್ಣು ಸುಡುವ ಭಯ ಬಂದಿದೆ. ತಂಪು ಜಾಸ್ತಿ ಎಂದು ಹಿಂದೆ ಬಿಟ್ಟಿದ್ದ ಜಾಗಗಳಲ್ಲೂ ಈಗ ರೀಸ್ಲಿಂಗ್ ಮಾಗುತ್ತದೆ. ಹಾಗಿದ್ದ ಮೇಲೆ ಗುಡ್ಡ ಹತ್ತುವ ಖರ್ಚು ಯಾಕೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಕೊಬ್ಲೆಂಟ್ಸ್ ಕಡೆಯ ಎಷ್ಟೋ ಕಟ್ಟೆ ತೋಟಗಳಲ್ಲಿ ಪೊದೆ ಬೆಳೆದಿದೆ. ಕಾಲ್ಮಾಂಟ್ ಕೂಡ ಬಹುಪಾಲು ಪಾಳು ಬಿದ್ದಿತ್ತು. ಅಲ್ಲಿ ಮಾತ್ರ ಕೆಲವು ಬೆಳೆಗಾರರು ಪೊದೆ ಕಡಿದು, ಸಾಮಾನು ಸಾಗಿಸಲು ಒಂಟಿ ಹಳಿಯ ಪುಟ್ಟ ಗಾಡಿ ಹಾಕಿಸಿಕೊಂಡು, ಮತ್ತೆ ರೀಸ್ಲಿಂಗ್ ನೆಟ್ಟಿದ್ದಾರೆ.