ಕೆಲಸವಿಲ್ಲದೆ ನಿಂತ ಎತ್ತುಗಳು

ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡತೊಡಗಿದ ಮೊದಲ ವರ್ಷಗಳಲ್ಲಿ ನಾನೊಂದು ತಪ್ಪು ಮಾಡುತ್ತಿದ್ದೆ. ಶಿವರಾಮ ಕಾರಂತರ ‘ಚೋಮನ ದುಡಿ’ ಪಠ್ಯವಾಗಿದ್ದಾಗ ಮೊದಲ ದಿನವೇ ಬೋರ್ಡಿನ ಮೇಲೆ ‘ಅಸ್ಪೃಶ್ಯತೆ, ಜೀತ, ಮತಾಂತರ’ ಎಂದು ಬರೆದುಬಿಡುತ್ತಿದ್ದೆ. ಹುಡುಗರು ಅದನ್ನು ನೋಟ್ಸಿಗೆ ಇಳಿಸಿಕೊಂಡು ಪುಸ್ತಕ ಮುಚ್ಚಿಡುತ್ತಿದ್ದರು. ಮೂರು ಪದದಲ್ಲಿ ಮುಗಿಯುವುದಾದರೆ ಕಾದಂಬರಿ ಓದುವುದಾದರೂ ಯಾಕೆ?

ಒಂದು ವರ್ಷ ಸೀಮೆಸುಣ್ಣ ಮುಟ್ಟದೆ ಗಟ್ಟಿಯಾಗಿ ಓದುತ್ತಾ ಹೋದೆ. ನಾಲ್ಕನೆಯ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಎತ್ತು ಚೋಮನ ಹತ್ರಾನೇ ಇವೆ. ಮೈಯಲ್ಲಿ ಶಕ್ತೀನೂ ಇದೆ. ಮತ್ತೆ ಉಳೋಕೆ ಏನಡ್ಡಿ?” ದನಿಯಲ್ಲಿ ಸಿಟ್ಟಿತ್ತು. ಜಾತಿ ಪದ್ಧತಿಯ ಮೇಲೆ ಹೈಸ್ಕೂಲಿನಿಂದಲೂ ಪ್ರಬಂಧ ಬರೆದು ಅಂಕ ತೆಗೆದುಕೊಂಡವನೇ ಅವನು. ಒಂದು ಜೋಡಿ ಎತ್ತು ಕೆಲಸವಿಲ್ಲದೆ ನಿಂತಿರುವುದನ್ನು ಕಂಡದ್ದು ಮಾತ್ರ ಅವತ್ತೇ.

1933ರ ಈ ಕಾದಂಬರಿಯ ಕಸುವು ಇರುವುದೇ ಇಲ್ಲಿ. ಜೀತದಾಳು ಚೋಮನಿಗೆ ಬೇಸಾಯಗಾರನಾಗುವ ಆಸೆ. ಉಳಲು ಭೂಮಿ ಕೊಡುವವರಿಲ್ಲ, ಅವನ ಜಾತಿಯವರು ಉಳುವುದನ್ನು ಊರಿನ ಕಟ್ಟುಪಾಡು ಒಪ್ಪುವುದಿಲ್ಲ. ಕಾರಂತರು ಅನ್ಯಾಯದ ಮೇಲೆ ಭಾಷಣ ಮಾಡದೆ ಎತ್ತನ್ನು ತಂದು ನಮ್ಮ ಮುಂದೆ ನಿಲ್ಲಿಸುತ್ತಾರೆ. ಅವನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದಾರೆ. ಮುಟ್ಟಿದರೆ ಮೈಲಿಗೆಯೆಂಬ ಹಿಂಜರಿಕೆಯಲ್ಲೇ ಹೊತ್ತು ಕಳೆಯುತ್ತದೆ. ಆ ಪುಟ ಓದಿದಾಗ ನಾನು ಏನೂ ವಿವರಿಸುವುದಿಲ್ಲ. ದಡದಲ್ಲಿ ನಿಂತವರ ನಡುವೆ ಓದುಗನೂ ನಿಂತಿರುತ್ತಾನೆ. ಆ ಇರಿಸುಮುರಿಸಿನಿಂದ ಅವನನ್ನು ಬೇಗ ಪಾರುಮಾಡಬಾರದು.

ನಮ್ಮ ಜನಪದರಿಗೂ ಈ ಗುಟ್ಟು ಗೊತ್ತಿತ್ತು. ‘ಗೋವಿನ ಹಾಡಿ’ನಲ್ಲಿ ಹುಲಿಯ ಬಾಯಿಗೆ ಹೊರಟ ತಾಯಿಯನ್ನು ಕರು ಕೇಳುವುದೇನು? ‘ಆರ ಮೊಲೆಯನು ಕುಡಿಯಲಮ್ಮ... ಆರ ಬಳಿಯಲಿ ಮಲಗಲಮ್ಮ.’ ದುಃಖ ಎಂಬ ಪದವೇ ಅಲ್ಲಿಲ್ಲ. ಹಾಲು ಮತ್ತು ಮಲಗುವ ಜಾಗ, ಕರುವಿಗೆ ಗೊತ್ತಿರುವುದು ಅಷ್ಟೇ. ನಮ್ಮ ಗಂಟಲು ಕಟ್ಟುವುದಕ್ಕೂ ಅಷ್ಟೇ ಸಾಕು.

ಚೋಮ ಬಾರಿಸುವ ಚರ್ಮವಾದ್ಯ ದುಡಿಯ ವಿಷಯಕ್ಕೆ ಬರುತ್ತೇನೆ. ನನ್ನ ತರಗತಿಯ ಹೆಚ್ಚಿನವರು ದುಡಿಯನ್ನು ಕಂಡವರಲ್ಲ, ಅದರ ಸದ್ದು ಕೇಳಿದವರಲ್ಲ. ಆದರೂ ಅರ್ಧ ಕಾದಂಬರಿ ದಾಟುವಷ್ಟರಲ್ಲಿ ಚೋಮ ದುಡಿ ಕೈಗೆತ್ತಿಕೊಂಡನೆಂದರೆ ಅವನ ಮನಸ್ಸು ಹೇಗಿದೆಯೆಂದು ಅವರಿಗೆ ತಿಳಿದಿರುತ್ತದೆ. ಖುಷಿಗೂ ಅದೇ ದುಡಿ, ಸಂಕಟಕ್ಕೂ ಅದೇ. ಬಾರಿಸುವ ಕೈ ಬದಲಾಗುವುದಿಲ್ಲ, ಕೇಳುವ ಗುಡಿಸಲು ಬರಿದಾಗುತ್ತಾ ಹೋಗುತ್ತದೆ.

ಹಾಗಾಗಿ ಈಗ ಕಿರುಪರೀಕ್ಷೆಗೆ ಸಾರಾಂಶ ಬರೆಯಿರಿ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಪ್ರಶ್ನೆ ಒಂದೇ: ಚೋಮ ದುಡಿ ಬಾರಿಸುವ ಎರಡು ಸಂದರ್ಭ ಆರಿಸಿಕೊಳ್ಳಿ, ಆಗ ಗುಡಿಸಲಲ್ಲಿ ಯಾರಿದ್ದರು, ಯಾರಿರಲಿಲ್ಲ ಬರೆಯಿರಿ. ಇದಕ್ಕೆ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ. ಮಕ್ಕಳು ಪುಟ ತಿರುವಿ ಎಣಿಸಬೇಕು. ಚೋಮನ ನಾಲ್ವರು ಗಂಡುಮಕ್ಕಳು ಮತ್ತು ಮಗಳು ಬೆಳ್ಳಿ. ಸಾಲ ತೀರಿಸಲು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋದವರು, ಹೊಳೆಪಾಲಾದವನು. ಕಳೆದ ಸಲ ಒಬ್ಬ ಹುಡುಗಿ ಎರಡನೆಯ ಸಂದರ್ಭಕ್ಕೆ ಕೊನೆಯ ಪುಟವನ್ನು ಆರಿಸಿಕೊಂಡು, ‘ಯಾರಿದ್ದರು’ ಎಂಬುದರ ಎದುರು ಬರೆದಿದ್ದಳು: ದುಡಿ.